ಒಂದು ಇಂಚು ಕಡಿಮೆ

ಒದ್ದೆ ಹೊದಿಕೆಯ ಒಂದು ತುದಿ ತಾಯಿಯ ಕೈಯಲ್ಲಿತ್ತು, ಇನ್ನೊಂದು ತುದಿ ಚಿಕ್ಕವಳ ಕೈಯಲ್ಲಿ. ಹಿತ್ತಿಲಿನ ಕಲ್ಲುಹಾಸಿನ ಮೇಲೆ ಎದುರುಬದುರು ನಿಂತು ಇಬ್ಬರೂ ಅದನ್ನು ಹುರಿ ಮಾಡಿ ಹಿಂಡುತ್ತಿದ್ದರು. ಬೆಳಗಿನ ಬಿಸಿಲು ಇನ್ನೂ ಗೋಡೆಯಿಂದ ಕೆಳಗಿಳಿದಿರಲಿಲ್ಲ. ಒಳಗೆ ಅತ್ತೆ ಎಂದಿನಂತೆ ಚಹಾ ತಣ್ಣಗಾಯಿತೆಂದು ಗೊಣಗುತ್ತಿದ್ದರು. ಅಷ್ಟರಲ್ಲಿ ಬೀದಿ ಬಾಗಿಲು ಬಡಿದ ಸದ್ದಾಯಿತು. ದೊಡ್ಡವಳು ಬಾಯಲ್ಲಿದ್ದ ಬ್ರಶ್ಶನ್ನೂ ತೆಗೆಯದೆ ಓಡಿದಳು. ಟೀಚರ್ ಬಂದರೆಂದು ಅವಳು ಕೂಗಿದ್ದೇ ತಡ, ತಾಯಿ ತನ್ನ ಕೈಯಲ್ಲಿದ್ದ ತುದಿಯನ್ನು ಬಿಟ್ಟುಬಿಟ್ಟಳು. ಹೊದಿಕೆ ನೆಲಕ್ಕೆ ಬಿದ್ದು ಮಣ್ಣಾಯಿತು. ಚಿಕ್ಕವಳು ಅದನ್ನೆತ್ತಿ ಮತ್ತೆ ನೀರಿಗೆ ಅದ್ದಿ, ಒಬ್ಬಳೇ ಹಿಂಡತೊಡಗಿದಳು. ಒಳಗೆ ಹೋಗಲು ಅವಳಿಗೆ ಅವಸರವೇ ಇರಲಿಲ್ಲ. ಏನು ಸುದ್ದಿ ಬಂದಿದೆಯೆಂದು ಮೊದಲೇ ಗೊತ್ತಿರುವವಳ ಹಾಗೆ... ಆದರೆ ತಾಯಿಗೆ ಇದು ಹೊಳೆದದ್ದು ಆಮೇಲೆ. ಆ ಗಳಿಗೆಯಲ್ಲಿ ಆಕೆಯ ಗಮನವೆಲ್ಲ ಬೀದಿ ಬಾಗಿಲ ಕಡೆಗಿತ್ತು.

ಆ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಹೊಲಿಗೆ ಅಕ್ಕ ಎನ್ನುತ್ತಿದ್ದರು. ಗಂಡ ಹಡಗಿನಲ್ಲಿ ಅಡುಗೆ ಮಾಡುತ್ತ ವರ್ಷಕ್ಕೊಮ್ಮೆ ಮನೆಗೆ ಬರುವವನು. ಮನೆಯ ಮುಂದಿನ ಕೋಣೆಯಲ್ಲಿ ಮೂರು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ನಿಲುವುಗನ್ನಡಿ. ಅತ್ತೆ ಕಟ್ಟಿದ ಕಸುಬು ಅದು. ಈಗ ಅತ್ತೆಯ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ. ಆದರೂ ಬಟ್ಟೆಯನ್ನು ಬೆರಳಿನಿಂದ ತಡವಿ ಎಲ್ಲಿ ಹೊಲಿಗೆ ಸೊಟ್ಟಗಾಗಿದೆಯೆಂದು ಹೇಳಿಬಿಡುತ್ತಿದ್ದರು. ಮನೆಯಲ್ಲಿ ಹೆಣ್ಣುಮಕ್ಕಳು ಇಬ್ಬರು. ದೊಡ್ಡವಳು ಆಕೆ ಹೆತ್ತ ಮಗಳು. ಅವಳಿಗಿಂತ ಎಂಟೇ ತಿಂಗಳಿಗೆ ಕಿರಿಯಳಾದ ಚಿಕ್ಕವಳು ಮೈದುನನ ಮಗಳು. ಅಪ್ಪ ಅಮ್ಮ ಇಬ್ಬರೂ ಒಂದೇ ಜ್ವರದಲ್ಲಿ ಒಂದೇ ವಾರದಲ್ಲಿ ಹೋಗಿಬಿಟ್ಟಾಗ ಹತ್ತು ವರ್ಷದವಳಾಗಿ ಈ ಮನೆಗೆ ಬಂದವಳು. ಈಗ ಹನ್ನೊಂದು ವರ್ಷವಾಯಿತು. ಇಬ್ಬರಿಗೂ ಒಂದೇ ಅಳತೆಯ ಪ್ರೀತಿ ಎಂದು ಹೊಲಿಗೆ ಅಕ್ಕ ಹೇಳಿಕೊಳ್ಳುವುದಿತ್ತು. ಬೀದಿಯವರೂ ಅದನ್ನು ಒಪ್ಪಿದ್ದರು. ಒಂದೇ ಥಾನಿನಿಂದ ಇಬ್ಬರಿಗೂ ಅಂಗಿ, ಒಂದೇ ಬಗೆಯ ಚಪ್ಪಲಿ. ಊಟಕ್ಕೆ ಕೂತಾಗ ತುಂಡು ದೊಡ್ಡದು ಯಾರಿಗೆ ಎಂಬ ಜಗಳವೂ ಆ ಮನೆಯಲ್ಲಿ ನಡೆದದ್ದಿಲ್ಲ. ನಡೆಯದಿರಲು ಕಾರಣವೂ ಇತ್ತು. ಚಿಕ್ಕವಳು ಏನನ್ನೂ ಕೇಳುತ್ತಲೇ ಇರಲಿಲ್ಲ. ಇನ್ನೊಂದು ಸಲ ಬಡಿಸಿ ಎಂದು ಸಹ ಹನ್ನೊಂದು ವರ್ಷದಲ್ಲಿ ಬಾಯಿಬಿಟ್ಟು ಕೇಳಿದವಳಲ್ಲ. ಎಂಥ ಒಳ್ಳೆಯ ಮಗು ಎಂದು ತಾಯಿ ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದಳು.

ಇಬ್ಬರೂ ಊರಾಚೆಯ ತರಬೇತಿ ಸಂಸ್ಥೆಯಲ್ಲಿ ಈ ಟೀಚರ್ ಬಳಿಯೇ ಉಡುಪು ತಯಾರಿಕೆ ಕಲಿತವರು. ಎರಡು ವರ್ಷಕ್ಕೊಮ್ಮೆ ಹಲವು ದೇಶಗಳ ಯುವಕ ಯುವತಿಯರಿಗಾಗಿ ನಡೆಯುವ ಕೌಶಲ ಸ್ಪರ್ಧೆಯೊಂದಿತ್ತು. ಗಾರೆ ಕೆಲಸದವರು, ವೆಲ್ಡಿಂಗ್ ಮಾಡುವವರು, ಬೇಕರಿಯವರು, ಮರಗೆಲಸದವರು, ಹೊಲಿಗೆಯವರು ದೊಡ್ಡದೊಂದು ಸಭಾಂಗಣದಲ್ಲಿ ಸಾವಿರಾರು ಜನರೆದುರು ನಾಲ್ಕು ದಿನ ತಮ್ಮ ತಮ್ಮ ಕೆಲಸ ಮಾಡಿ ತೋರಿಸಬೇಕು. ಒಂದೊಂದು ಕಸುಬಿಗೆ ದೇಶದಿಂದ ಒಬ್ಬರೇ. ವಯಸ್ಸು ಇಪ್ಪತ್ತೆರಡು ದಾಟಿರಬಾರದು. ಅಲ್ಲಿ ಕೈಚಳಕ ತೋರಿದವರನ್ನು ದೊಡ್ಡ ದೊಡ್ಡ ಉಡುಪು ಶಾಲೆಗಳು ಕರೆದು ಕಲಿಸುತ್ತವೆ, ಕೆಲಸ ಕೊಡುತ್ತವೆ. ಜಿಲ್ಲೆ, ರಾಜ್ಯ, ದೇಶ ಎಂದು ಮೆಟ್ಟಿಲು ಮೆಟ್ಟಿಲಾಗಿ ಸೋಸಿ ಬಂದು ಕೊನೆಗೆ ಹೊಲಿಗೆಯಲ್ಲಿ ಉಳಿದವರು ಇಬ್ಬರು. ಇಬ್ಬರೂ ಇದೇ ಮನೆಯವರು! ಸುದ್ದಿ ಕೇಳಿ ಪಕ್ಕದ ಮನೆಯವಳು, ನಿಮ್ಮ ಅಡುಗೆಗೆ ಯಾವ ಉಪ್ಪು ಹಾಕ್ತೀರಿ ಹೇಳಿ, ನಮ್ಮ ಮಕ್ಕಳಿಗೂ ತಿನ್ನಿಸ್ತೀವಿ ಎಂದು ತಮಾಷೆ ಮಾಡಿದ್ದಳು. ಕೊನೆಯ ಪರೀಕ್ಷೆ ಹಿಂದಿನ ವಾರ ಮುಗಿದಿತ್ತು. ಮುಂದಿನ ಸ್ಪರ್ಧೆಯ ಹೊತ್ತಿಗೆ ಇಬ್ಬರಿಗೂ ವಯಸ್ಸು ಮೀರಿರುತ್ತದೆ. ಈ ಸಲ ಯಾರು ಹೋದರೋ ಅವರು ಹೋದರು, ಉಳಿದವರು ಉಳಿದರು.

ಟೀಚರ್ ಕುರ್ಚಿಯ ತುದಿಯಲ್ಲಿ ಕೂತು ಎರಡು ಕಾಗದದ ಚೀಲಗಳನ್ನು ಮೇಜಿನ ಮೇಲಿಟ್ಟರು. ದೊಡ್ಡವಳು ಆಯ್ಕೆಯಾಗಿದ್ದಳು. ನೂರಕ್ಕೆ ಎರಡೂವರೆ ಅಂಕದ ಅಂತರದಲ್ಲಿ. ದೊಡ್ಡವಳು ಬ್ರಶ್ ಹಿಡಿದ ಕೈಯಲ್ಲೇ ಅಮ್ಮನನ್ನು ತಬ್ಬಿಕೊಂಡು ಅಳತೊಡಗಿದಳು. ಅತ್ತೆ ಎರಡೂ ಕೈ ಎತ್ತಿ ಮೊಮ್ಮಗಳ ಮುಖವನ್ನು ತಡವಿ, ನನ್ನ ಕೈ ಇದು, ನನ್ನ ಕೈಯೇ ಇವಳಿಗೆ ಬಂದಿದೆ ಎಂದರು. ತಾಯಿಯ ಕಣ್ಣು ತುಂಬಿ ಬಂತು. ಹಿತ್ತಿಲ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಚಿಕ್ಕವಳು ಸಹ ನಕ್ಕಳು. ಮೊದಲು ಹೋಗಿ ಅಕ್ಕನ ಬಾಯಿ ಒರೆಸಿದವಳು ಅವಳೇ.

ಟೀಚರ್ ಚೀಲಗಳಿಂದ ಎರಡು ಜಾಕೆಟ್ ತೆಗೆದು ಹರಡಿದರು. ಇಬ್ಬರದೂ ಅಚ್ಚುಕಟ್ಟಾದ ಕೆಲಸ. ಚಿಕ್ಕವಳ ಜಾಕೆಟ್ಟಿನ ಹೊಲಿಗೆಯಲ್ಲಿ ಪರೀಕ್ಷಕರಿಗೆ ಒಂದು ಅಂಕ ಕಳೆಯಲೂ ಜಾಗ ಸಿಕ್ಕಿರಲಿಲ್ಲವಂತೆ. ಆದರೆ ತೋಳು! ಬೊಂಬೆಗೆ ತೊಡಿಸಿ ನೋಡಿದಾಗ ಎರಡೂ ತೋಳು ಸರಿಯಾಗಿ ಒಂದು ಇಂಚು ಗಿಡ್ಡ. ಅಳತೆಯ ಹಾಳೆಯಲ್ಲಿ ಇಪ್ಪತ್ಮೂರರ ಬದಲು ಇಪ್ಪತ್ತೆರಡು ಎಂದು ಅವಳೇ ದುಂಡಗೆ ಬರೆದಿದ್ದಳು.

"ನಿಮ್ಮನೆ ರೋಗ ಕಣಮ್ಮ ಇದು," ಎಂದರು ಟೀಚರ್, ಬೇಸರ ನಗು ಎರಡನ್ನೂ ಬೆರೆಸಿ. "ಮೊದಲ ವರ್ಷ ಪೂರ್ತಿ ದೊಡ್ಡವಳಿಗೆ ಇದನ್ನ ಬಿಡಿಸೋಕೆ ನಾನು ಪಟ್ಟ ಪಾಡು ನನಗೇ ಗೊತ್ತು. ಕೊನೇ ಗಳಿಗೇಲಿ ಚಿಕ್ಕವಳಿಗೆ ಅಂಟಿಕೊಳ್ತು ನೋಡಿ."

ಎಲ್ಲರೂ ನಕ್ಕರು. ಆ ಮನೆಯ ರೋಗದ ಕಥೆ ಸಂಸ್ಥೆಯಲ್ಲೆಲ್ಲ ಗೊತ್ತಿದ್ದದ್ದೇ. ಮೂವತ್ತು ವರ್ಷಗಳ ಹಿಂದೆ ಅತ್ತೆಯ ಅಳತೆ ಟೇಪಿನ ತಲೆ ಇಸ್ತ್ರಿ ಪೆಟ್ಟಿಗೆಯ ಕೆಳಗೆ ಸಿಕ್ಕಿ ಸುಟ್ಟುಹೋಗಿತ್ತು. ಮೊದಲ ಒಂದು ಇಂಚು ಇಲ್ಲವೇ ಇಲ್ಲ. ಸತ್ತ ಗಂಡ ತಂದುಕೊಟ್ಟ ಟೇಪು, ಎಸೆಯಲು ಅತ್ತೆಗೆ ಮನಸ್ಸು ಬರಲಿಲ್ಲ. ಓದಿದ ಅಂಕಿಯಿಂದ ಒಂದು ಕಳೆದು ಹೇಳುವುದನ್ನು ರೂಢಿ ಮಾಡಿಕೊಂಡರು. ಸೊಸೆ ಬಂದಾಗ ಅವಳಿಗೂ ಅದನ್ನೇ ಕಲಿಸಿದರು. ಅಷ್ಟಕ್ಕೇ ನಿಲ್ಲದೆ, ಮನೆಗೆ ಹೊಸ ಟೇಪು ಬಂದಾಗಲೆಲ್ಲ ಅದರ ತಲೆಯನ್ನೂ ಒಂದಿಂಚು ಕತ್ತರಿಸಿ ಒಗೆಯತೊಡಗಿದರು. ಒಂದಕ್ಕೆ ತಲೆ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಗಲಿಬಿಲಿಯಾಗುತ್ತದೆ ಎಂಬುದು ಅವರ ವಾದ. ನಮ್ಮನೆ ಟೇಪಿಗೆ ತಲೆ ಬೇಡ, ಅಳೆಯೋರಿಗೆ ಇದ್ರೆ ಸಾಕು ಎನ್ನುತ್ತಿದ್ದರು. ಹಾಗಾಗಿ ಆ ಮನೆಯಲ್ಲಿ ಬೆಳೆದ ಕೈಗೆ ಇಡಿಯಾದ ಟೇಪು ಸಿಕ್ಕರೆ ಅಳತೆಯಲ್ಲಿ ಒಂದಿಂಚು ಕಡಿಮೆ ಬೀಳುವುದು ಖಂಡಿತ. ಇನ್ನಾರೂ ಮಾಡಲಾರದ ತಪ್ಪು ಅದು.

ತಾಯಿಯೂ ಎಲ್ಲರ ಜೊತೆ ನಕ್ಕಳು. ನಗುತ್ತ ನಗುತ್ತಲೇ ಜಾಕೆಟ್ಟಿನ ತೋಳನ್ನು ಬೆರಳಿನಿಂದ ಸವರಿದಳು. ಸವರುತ್ತಿದ್ದ ಬೆರಳು ಅಲ್ಲೇ ನಿಂತಿತು.

ಚಿಕ್ಕವಳು ಈ ಮನೆಯ ಟೇಪನ್ನು ಮುಟ್ಟಿದವಳೇ ಅಲ್ಲ.

ಅವಳು ಬಂದ ದಿನ ತಾಯಿಯ ಕಣ್ಣಿಗೆ ಕಟ್ಟಿತು. ಒಂದು ಬಟ್ಟೆ ಚೀಲ, ಅದರಲ್ಲಿ ಎರಡು ಲಂಗ, ಒಂದು ತಗಡಿನ ಡಬ್ಬಿ. ಡಬ್ಬಿಯಲ್ಲಿ ಅವಳಮ್ಮನ ಅಳತೆ ಟೇಪು ಸುರುಳಿ ಸುತ್ತಿಕೊಂಡು ಕೂತಿತ್ತು. ಹಿತ್ತಾಳೆಯ ತಲೆ ಹೊಳೆಯುತ್ತಿತ್ತು. ಅತ್ತೆಗೆ ಕಿರಿ ಸೊಸೆಯೆಂದರೆ ಆಗುತ್ತಿರಲಿಲ್ಲ. ಕಿರಿಮಗ ಹೆಂಡತಿಯ ಜೊತೆ ಬೇರೆ ಹೊಲಿಗೆ ಅಂಗಡಿ ಹಾಕಿದ, ಅಂಗಡಿ ಅತ್ತೆಯದಕ್ಕಿಂತ ಚೆನ್ನಾಗಿ ನಡೆಯಿತು ಎಂಬುದಷ್ಟೇ ಅಪರಾಧ. ಮಾತು ಬೆಳೆದು ಅತ್ತೆ ಬಾಗಿಲು ಮುಚ್ಚಿಕೊಂಡಿದ್ದರು. ಮಗ ಎರಡು ಸಲ ಬಂದು ಹೊರಗೇ ನಿಂತು ಹೋಗಿದ್ದ. ಅಂಥ ಸೊಸೆಯ ಟೇಪು ಕಣ್ಣಿಗೆ ಬಿದ್ದದ್ದೇ ಅತ್ತೆ ಕತ್ತರಿ ಎತ್ತಿಕೊಂಡರು. ಮಗು ಅಳಲಿಲ್ಲ. ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡು ಗೋಡೆಗೆ ಅಂಟಿ ನಿಂತಿತು. ಆಗ ತಾಯಿ ಅಡ್ಡ ಬಂದು, ಇದೊಂದು ಇರಲಿ ಬಿಡಿ ಅತ್ತೆ ಎಂದು ಬೇಡಿಕೊಂಡಿದ್ದಳು. ಅಂದಿನಿಂದ ಇಂದಿನವರೆಗೂ ಚಿಕ್ಕವಳು ಅಳೆಯುವುದು ಅದೊಂದರಲ್ಲೇ. ಹಿತ್ತಾಳೆಯ ತಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಓದುತ್ತಾಳೆ. ಕಳೆಯುವ ಅಭ್ಯಾಸವೇ ಅವಳಿಗಿಲ್ಲ.

ಟೀಚರ್ ಹೋದ ಮೇಲೆ ತಾಯಿಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಆತಂಕದಲ್ಲಿ ಯಾರಿಗಾದರೂ ತಪ್ಪಾಗಬಹುದು, ನಾನೇ ಇಲ್ಲದ್ದನ್ನು ಕಲ್ಪಿಸಿಕೊಳ್ಳುತ್ತಿದ್ದೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಧ್ಯಾಹ್ನ ದೊಡ್ಡವಳು ಗೆಳತಿಯರಿಗೆ ಸುದ್ದಿ ಹೇಳಲು ಹೋಗಿದ್ದಳು, ಅತ್ತೆ ಮಲಗಿದ್ದರು. ತಾಯಿ ಚಿಕ್ಕವಳ ಮುಂದೆ ಹೋಗಿ ಕೈ ಚಾಚಿ, ನನಗೊಂದು ಅಂಗಿ ಹೊಲಿದುಕೊಳ್ಳಬೇಕು, ತೋಳು ಅಳೆ ಎಂದಳು. ಚಿಕ್ಕವಳು ಡಬ್ಬಿ ತೆಗೆದಳು. ಭುಜದ ಮೂಳೆಯ ಮೇಲೆ ಹಿತ್ತಾಳೆಯ ತಲೆಯನ್ನು ಇಟ್ಟು, ಮೊಣಕೈಯನ್ನು ಒಂದಿಷ್ಟು ಮಡಿಸಿ, ಮಣಿಕಟ್ಟಿನವರೆಗೆ ಟೇಪು ಇಳಿಸಿದಳು. ಅಳತೆ ಹೇಳಲು ಬಾಯಿ ತೆರೆದವಳು ದೊಡ್ಡಮ್ಮನ ಮುಖ ನೋಡಿದಳು. ಆ ಕಣ್ಣುಗಳು ತನ್ನ ಕೈಯನ್ನೇ ನೋಡುತ್ತಿವೆಯೆಂದು ಅವಳಿಗೆ ತಿಳಿಯಿತು.

"ಇಪ್ಪತ್ತೊಂದು," ಎಂದಳು ಮೆಲ್ಲಗೆ.

ಸರಿಯಾದ ಅಳತೆ. ಒಂದು ಎಳೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ತಾಯಿ ಏನೋ ಕೇಳಲು ಹೋದಳು. ಚಿಕ್ಕವಳು ಆಗಲೇ ಟೇಪು ಸುತ್ತಿಟ್ಟು, ಒಣಗಿದ ಹೊದಿಕೆ ಮಡಿಸಬೇಕೆಂದು ಹಿತ್ತಿಲಿಗೆ ಹೋಗಿಬಿಟ್ಟಿದ್ದಳು.

ಬೇಕೆಂದೇ ಸೋತಿದ್ದಾಳೆ. ಮನೆಯ ರೋಗದ ಸೋಗು ಹಾಕಿ, ಯಾರಿಗೂ ಅನುಮಾನ ಬಾರದ ಹಾಗೆ... ಆದರೆ ಯಾಕೆ? ಅತ್ತೆಯ ಚುಚ್ಚುಮಾತು ಅವಳಿಗೆ ಹೊಸದಲ್ಲ. ದೊಡ್ಡವಳ ಜೊತೆ ಅವಳಿಗೆ ಯಾವ ಕಹಿಯೂ ಇಲ್ಲ. ಪರೀಕ್ಷೆಯ ಹಿಂದಿನ ವಾರದವರೆಗೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಭ್ಯಾಸ ಮಾಡಿದವಳು. ಒಂದೇ ವಾರದಲ್ಲಿ ಏನಾಯಿತು? ತಾಯಿ ದಿನಗಳನ್ನು ಹಿಂದಕ್ಕೆ ಸರಿಸುತ್ತ ಹೋದಳು. ಒಂದು ಕಡೆ ಬಂದು ನಿಂತಳು.

ಒಳಕೋಣೆಯ ಮಂಚದ ಕೆಳಗೆ ಒಂದು ಟ್ರಂಕು. ಅದರ ತಳದಲ್ಲಿ, ಹಳೆಯ ಪರದೆಗಳ ಕೆಳಗೆ, ತಾಯಿ ಒಂದು ಕೋಟು ಬಚ್ಚಿಟ್ಟಿದ್ದಳು. ಸ್ಪರ್ಧೆ ನಡೆಯುವ ದೇಶದಲ್ಲಿ ಆಗ ಮೈ ಕೊರೆಯುವ ಚಳಿಯೆಂದು ಕೇಳಿ, ದಪ್ಪ ಉಣ್ಣೆಯ ಬಟ್ಟೆ ತಂದು, ಮಕ್ಕಳಿಬ್ಬರೂ ಸಂಸ್ಥೆಗೆ ಹೋದ ಹೊತ್ತಿನಲ್ಲಿ ಕದ್ದು ಕದ್ದು ಹೊಲಿದದ್ದು. ಪರೀಕ್ಷೆಗೆ ಹದಿನೈದು ದಿನ ಮೊದಲೇ ಶುರು ಮಾಡಿದ್ದಳು. ಒಂದೇ ಕೋಟು. ದೊಡ್ಡವಳು ಅಗಲ ಭುಜದವಳು, ಎತ್ತರ. ಚಿಕ್ಕವಳು ಅವಳ ಕಿವಿಯವರೆಗೆ ಬರುವವಳು. ಕೋಟು ಅಗಲ ಭುಜದ್ದು. ಬಟ್ಟೆ ಕತ್ತರಿಸುವಾಗ ಯಾರ ಅಳತೆ ಇಡಲಿ ಎಂದು ತಾನು ಒಂದು ಗಳಿಗೆಯಾದರೂ ಯೋಚಿಸಿದ್ದೆನೇ? ಇಲ್ಲ. ಕೈ ತಾನಾಗಿ ನಡೆದಿತ್ತು.

ತಾಯಿ ಟ್ರಂಕು ಎಳೆದು ಪರದೆಗಳನ್ನು ಸರಿಸಿದಳು. ಕೋಟನ್ನು ಅವಳು ಪೂರ್ತಿ ಮುಗಿಸಿರಲಿಲ್ಲ. ಗುಂಡಿಯ ಕಾಜಾಗಳನ್ನು ಕೈಯಲ್ಲಿ ಹೊಲಿಯಲು ಪುರುಸೊತ್ತಾಗದೆ ಸುಣ್ಣದ ಬಳಪದಲ್ಲಿ ಐದು ಗೆರೆ ಎಳೆದು ಹಾಗೆಯೇ ಇಟ್ಟಿದ್ದಳು. ಈಗ ಗೆರೆಗಳಿರಲಿಲ್ಲ. ಐದೂ ಕಾಜಾ ಹೊಲಿದು ಮುಗಿದಿದ್ದವು. ಎಳೆ ಎಳೆಯೂ ಒತ್ತೊತ್ತಾಗಿ, ಅಕ್ಕಿಕಾಳು ಜೋಡಿಸಿದ ಹಾಗೆ ಸಮನಾಗಿ ಕೂತಿದ್ದವು. ಅಂಥ ಕೈ ಆ ಮನೆಯಲ್ಲಿ ಒಬ್ಬಳಿಗೇ ಇದ್ದದ್ದು.

ಒಳಪದರಕ್ಕೆ ಅಸ್ತರಿನ ಬಟ್ಟೆ ಹುಡುಕುತ್ತ ಟ್ರಂಕು ತೆಗೆದಿರಬೇಕು. ಕಣ್ಣಳತೆಯಲ್ಲೇ ಅದು ಯಾರ ಕೋಟೆಂದು ಅವಳಿಗೆ ಗೊತ್ತಾಗಿರಬೇಕು. ಗೊತ್ತಾದ ಮೇಲೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಒಂದೊಂದೇ ಕಾಜಾ ಹೊಲಿದು, ಮೊದಲಿದ್ದ ಹಾಗೆಯೇ ಮಡಿಸಿಟ್ಟು... ತಾಯಿ ಕೋಟನ್ನು ಮುಖಕ್ಕೆ ಒತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ಒಂದೇ ಥಾನಿನ ಅಂಗಿ, ಒಂದೇ ಬಗೆಯ ಚಪ್ಪಲಿ ಎಂದು ಮೆರೆದದ್ದೆಲ್ಲ ಈ ಒಂದು ಕೋಟಿನ ಮುಂದೆ ಕೊಚ್ಚಿಹೋಯಿತು.

ಎರಡು ದಿನ ಅವಳು ಬಾಯಿ ಬಿಡಲಿಲ್ಲ. ಸುಳ್ಳು ಹೇಳಬಾರದು, ಆ ಎರಡು ದಿನ ಅವಳೊಳಗಿನ ಇನ್ನೊಬ್ಬ ತಾಯಿ ಅವಳೊಡನೆ ವಾದ ಮಾಡುತ್ತಿದ್ದಳು. ಚಿಕ್ಕವಳೇ ಮನಸಾರೆ ಬಿಟ್ಟುಕೊಟ್ಟಿದ್ದಾಳೆ, ಯಾರಿಗೂ ಗೊತ್ತಿಲ್ಲ, ಹೆತ್ತ ಮಗಳ ಮುಖದಲ್ಲಿ ಇಂಥ ಬೆಳಕನ್ನು ನೀನೆಂದು ನೋಡಿದ್ದೆ ಎಂದು. ದೊಡ್ಡವಳು ಆ ದೇಶದ ನಕ್ಷೆಯನ್ನು ಗೋಡೆಗೆ ಅಂಟಿಸಿದ್ದಳು. ಪಾಸ್‌ಪೋರ್ಟಿಗೆ ಫೋಟೊ ತೆಗೆಸಿಕೊಂಡು ಬಂದಿದ್ದಳು. ಫೋಟೊದಲ್ಲಿ ನಾನು ಕಳ್ಳಿ ಥರ ಕಾಣ್ತೀನಿ ಎಂದು ಅವಳು ನಗುವಾಗ, ಅವಳ ಪಕ್ಕದಲ್ಲಿ ಚಿಕ್ಕವಳೂ ನಗುತ್ತ, ಅಭ್ಯಾಸಕ್ಕೆ ಬಟ್ಟೆ ಕತ್ತರಿಸಿಕೊಡುತ್ತಿದ್ದಳು. ಆ ನಗುವನ್ನು ನೋಡಲಾಗದೆ ತಾಯಿ ಒಲೆಯ ಕಡೆ ತಿರುಗುತ್ತಿದ್ದಳು.

ಮೂರನೆಯ ದಿನ ಅವಳು ಸಂಸ್ಥೆಗೆ ಹೋದಳು. ಸಾಲು ಸಾಲು ಯಂತ್ರಗಳ ಹಿಂದೆ ಟೀಚರಿನ ಪುಟ್ಟ ಕೋಣೆ. ಗೋಡೆಯ ಮೇಲೆ ಹಿಂದಿನ ಸ್ಪರ್ಧೆಗಳಿಗೆ ಹೋಗಿಬಂದವರ ಚಿತ್ರಗಳು, ಒಬ್ಬ ವೆಲ್ಡಿಂಗ್ ಹುಡುಗ, ಒಬ್ಬಳು ಟೈಲ್ಸ್ ಕೂರಿಸುವ ಹುಡುಗಿ. ತಾಯಿ ಟೇಪಿನ ವಿಷಯ, ಡಬ್ಬಿಯ ವಿಷಯ, ಕಾಜಾಗಳ ವಿಷಯ ಎಲ್ಲ ಹೇಳಿದಳು. ಟೀಚರ್ ಕುರ್ಚಿಯನ್ನು ಹತ್ತಿರಕ್ಕೆಳೆದು ಕೇಳಿದರು.

"ಗೆದ್ದಿರೋದು ನಿಮ್ಮ ಮಗಳು. ಇದನ್ನ ಬಂದು ಹೇಳೋಕೆ ನಿಮಗೆ ಹೇಗೆ ಮನಸ್ಸು ಬಂತಮ್ಮ?"

ಇಬ್ಬರೂ ನನ್ನ ಮಕ್ಕಳೇ ಎಂದು ಹೇಳಲು ತಾಯಿ ಬಾಯಿ ತೆರೆದಳು. ಹನ್ನೊಂದು ವರ್ಷ ಎಲ್ಲರಿಗೂ ಸಲೀಸಾಗಿ ಹೇಳಿದ್ದ ಆ ಮಾತು ಇಂದು ಅವಳಿಗೇ ಸುಳ್ಳೆನಿಸಿತು.

"ನಾನು ಕೋಟು ಒಂದೇ ಹೊಲಿದೆ, ಟೀಚರ್..." ಎಂದಷ್ಟೇ ಹೇಳಿದಳು.

ದಾರಿ ಒಂದಿತ್ತು. ಫಲಿತಾಂಶ ಬಂದ ಹತ್ತು ದಿನದೊಳಗೆ ಸೋತವರು ಬರೆದುಕೊಟ್ಟು, ಗೆದ್ದವರು ಅದಕ್ಕೆ ಒಪ್ಪಿದರೆ, ಮತ್ತೊಮ್ಮೆ ಪರೀಕ್ಷೆ ನಡೆಸಬಹುದು. ಹೊಸ ಪರೀಕ್ಷಕರು, ಹೊಸ ಉಡುಪು. ಅರ್ಜಿಯ ಮೇಲೆ ಇಬ್ಬರ ಸಹಿಯೂ ಬೇಕು. ಒಬ್ಬರು ಒಲ್ಲೆನೆಂದರೂ ಮೊದಲ ಫಲಿತಾಂಶವೇ ಕಾಯಂ. ಇನ್ನು ಉಳಿದದ್ದು ಏಳು ದಿನ. ಟೀಚರ್ ಅರ್ಜಿಯನ್ನು ಲಕೋಟೆಯಲ್ಲಿಟ್ಟು ಕೊಡುವಾಗ, ಯೋಚನೆ ಮಾಡಿ ಎಂದರು. ಮನೆಯವರೆಗಿನ ದಾರಿಯಲ್ಲಿ ತಾಯಿ ಅದನ್ನು ಹರಿದು ಎಸೆಯಬೇಕೆಂದು ಎರಡು ಸಲ ನಿಂತಳು. ಎರಡು ಸಲವೂ ಮತ್ತೆ ನಡೆದಳು.

ಸಂಜೆ ಎಲ್ಲರೂ ಮನೆಯಲ್ಲಿದ್ದಾಗ ಆಕೆ ಅರ್ಜಿಯನ್ನು ಕತ್ತರಿಸುವ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಕೋಟನ್ನು ಇಟ್ಟಳು. ಯಾವುದನ್ನೂ ಮುಚ್ಚಿಡದೆ ಹೇಳಿದಳು. ಚಿಕ್ಕವಳು ನೆಲ ನೋಡುತ್ತ ನಿಂತಳು. ದೊಡ್ಡವಳಿಗೆ ಅಷ್ಟೇ ಸಾಕಾಯಿತು. ಅವಳ ಮುಖ ಬಿಳಿಚಿಕೊಂಡಿತು. ಅವಳು ತಂಗಿಯ ಮೇಲೆ ರೇಗಲಿಲ್ಲ, ತಿರುಗಿದ್ದು ಅಮ್ಮನ ಮೇಲೆ.

"ಎಲ್ಲರ ಮುಂದೆ ನಾನು ಗೆದ್ದಿದ್ದು ಸುಳ್ಳು ಅಂತ ಹೇಳೋಕೆ ನೀನೇ ಬೇಕಾಗಿತ್ತಾ ಅಮ್ಮ? ಹೆತ್ತವಳು ನೀನೇ..."

"ಸುಳ್ಳು ಅಂತ ನಾನೆಲ್ಲಿ ಹೇಳಿದೆ ಮಗಳೇ? ನೀನು ಗೆದ್ದಿದ್ದೀಯೋ ಇಲ್ವೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಅದು ಗೊತ್ತಿಲ್ದೆ ಅಷ್ಟು ದೂರ ಹೋಗ್ತೀಯಾ?"

ದೊಡ್ಡವಳು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಕ್ಷೆ ಹರಿಯುವ ಸದ್ದಾಗಬಹುದೆಂದು ತಾಯಿ ಕಿವಿಗೊಟ್ಟಳು. ಆಗಲಿಲ್ಲ. ಬಿಕ್ಕುವ ಸದ್ದು ಮಾತ್ರ ಬಂತು, ದಿಂಬಿನಲ್ಲಿ ಮುಖ ಹುದುಗಿಸಿಕೊಂಡು ಅಳುವ ಸದ್ದು. ಎದ್ದು ಹೋಗಿ ತಬ್ಬಿಕೊಳ್ಳಲೇ, ಬೇಡ ಬಿಡು ಕಂದ, ನೀನೇ ಹೋಗು ಎಂದುಬಿಡಲೇ ಎಂದು ತಾಯಿಯ ಕಾಲು ಹೊರಟಿತು. ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದು ನಿಂತಳು.

ಇತ್ತ ಅತ್ತೆಯ ಬಾಯಿ ಸುಮ್ಮನಿರಲಿಲ್ಲ. ಇಂಥ ತಾಯಿಯನ್ನು ತಾನು ಎಲ್ಲೂ ಕಂಡಿಲ್ಲ, ತುತ್ತು ಬಾಯಿಗೆ ಬರುವ ಹೊತ್ತಿಗೆ ಕೈ ತಟ್ಟುವವಳು ಎಂದು ಸೊಸೆಯನ್ನು ಬೈದರು. ಆಮೇಲೆ ಮಂಜು ಕಣ್ಣನ್ನು ಚಿಕ್ಕವಳು ನಿಂತಿದ್ದ ಕಡೆ ತಿರುಗಿಸಿದರು.

"ಇವಳಪ್ಪನೂ ಹೀಗೇ ಗೆದ್ದುಕೊಂಡು ಹೋದವನು. ಅಣ್ಣನ್ನ ಹಿಂದಿಕ್ಕಿ, ನನ್ನ ಹಿಂದಿಕ್ಕಿ ಅಂಗಡಿ ಹಾಕ್ದ. ಹೋದವನಿಗೆ ನಾನು ಮತ್ತೆ ಬಾಗಿಲು ತೆಗೀಲಿಲ್ಲ. ಸಾಯೋವರೆಗೂ ತೆಗೀಲಿಲ್ಲ."

ಹೇಳುವಾಗ ಗಡುಸಾಗಿದ್ದ ದನಿ ಕೊನೆಯ ಮಾತಿಗೆ ಒಡೆಯಿತು. ಅತ್ತೆ, ತಮ್ಮ ಮಾತು ತಮಗೇ ತಾಗಿದವರಂತೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತರು. ಸೊಸೆಗೆ ಅವರ ಮೇಲೆ ಸಿಟ್ಟೂ ಬಂತು, ಕನಿಕರವೂ ಆಯಿತು. ಆದರೆ ಅವಳು ನೋಡಿದ್ದು ಚಿಕ್ಕವಳನ್ನು. ಅಜ್ಜಿಯ ಮಾತಿಗೆ ಆ ಹುಡುಗಿ ಕಣ್ಣು ಮುಚ್ಚಿ ತೆರೆದಳು. ಹಾಗೆ ಕಣ್ಣು ಮುಚ್ಚುವುದನ್ನು ತಾಯಿ ನೂರಾರು ಸಲ ನೋಡಿದ್ದಳು. ನಿದ್ದೆಗೆಟ್ಟಿರಬೇಕು ಎಂದುಕೊಂಡು ಸುಮ್ಮನಾಗಿದ್ದಳು.

ಒಳಕೋಣೆಯ ಬಾಗಿಲು ತೆರೆಯಿತು. ದೊಡ್ಡವಳ ಕಣ್ಣು ಮೂಗು ಕೆಂಪಾಗಿದ್ದವು. ನೇರವಾಗಿ ಮೇಜಿನ ಬಳಿ ಬಂದು ಪೆನ್ನು ಎತ್ತಿಕೊಂಡು, ಕಾಗದ ತೂತಾಗುವಷ್ಟು ಒತ್ತಿ ತನ್ನ ಸಹಿ ಹಾಕಿದಳು. ಆಮೇಲೆ ಪೆನ್ನನ್ನು ತಂಗಿಯ ಕೈಗೆ ತುರುಕಿದಳು.

"ನನಗೆ ಹೋಗೋ ಆಸೆ ಇದೆ ಕಣೆ. ತುಂಬಾ ಇದೆ. ಆದ್ರೆ ನೀನು ಎಸೆದಿದ್ದನ್ನ ಆರಿಸಿಕೊಂಡು ಹೋಗಲ್ಲ. ಬಾ, ಸರಿಯಾಗಿ ಹೊಲಿ. ನಾನೇನು ನಿನಗೆ ಸುಮ್ಸುಮ್ನೆ ಬಿಟ್ಟುಕೊಡ್ತೀನಿ ಅಂದ್ಕೊಂಡ್ಯಾ?"

ಅಳುತ್ತಲೇ ಅವಳು ಅಷ್ಟು ಹೇಳಿದಳು. ತಾಯಿಗೆ ಆ ಹೊತ್ತಿನಲ್ಲಿ ತನ್ನ ಮಗಳ ಮೇಲೆ ಬಂದ ಹೆಮ್ಮೆ, ಟೀಚರ್ ಗೆಲುವಿನ ಸುದ್ದಿ ತಂದ ಬೆಳಗ್ಗೆಯೂ ಬಂದಿರಲಿಲ್ಲ.

ಚಿಕ್ಕವಳು ಪೆನ್ನು ಹಿಡಿದು ಅರ್ಜಿಯ ಮೇಲೆ ಬಾಗಿದಳು. ಬಟ್ಟೆಯ ಮೇಲೆ ಎಂದೂ ತಡವರಿಸದ ಕೈ ಅದು. ಈಗ ಪೆನ್ನಿನ ಮೊನೆ ಕಾಗದಕ್ಕೆ ತಾಗದೆ ಅದರ ಮೇಲೇ ನಿಂತುಬಿಟ್ಟಿತ್ತು. ಒಂದು ನಿಮಿಷ ಕಳೆಯಿತು. ಸಹಿ ಬೀಳಲಿಲ್ಲ. ದೊಡ್ಡವಳು ಏನೋ ಹೇಳಲು ಹೋದಾಗ ತಾಯಿ ಕೈ ಎತ್ತಿ ತಡೆದಳು. ಮೇಜನ್ನು ಸುತ್ತಿ ಬಂದು ಚಿಕ್ಕವಳ ಪಕ್ಕದಲ್ಲಿ ನಿಂತಳು.

"ಕೋಟು ಹೊಲಿದಿದ್ದು ನನ್ನ ತಪ್ಪು," ಎಂದಳು. "ಅದಕ್ಕೆ ನೆಪ ಹೇಳಲ್ಲ ನಾನು. ನಿನ್ನ ಮನಸ್ಸಲ್ಲಿ ಏನಿದೆ ಅಂತ ಹನ್ನೊಂದು ವರ್ಷ ನಾನೂ ಕೇಳ್ಲಿಲ್ಲ, ನೀನೂ ಹೇಳ್ಲಿಲ್ಲ. ಈಗ ಹೇಳು ಕಂದ. ಯಾಕೆ ಸೋತೆ?"

ಚಿಕ್ಕವಳು ತಲೆ ಎತ್ತಲಿಲ್ಲ. ಅವಳ ನೋಟ ಮೇಜಿನಿಂದ ಅಜ್ಜಿಯ ಕಡೆ ಹೋಯಿತು, ಅಲ್ಲಿಂದ ಬೀದಿ ಬಾಗಿಲಿನ ಕಡೆ. ಅವಳಪ್ಪ 'ಅಮ್ಮಾ' ಎಂದು ಕರೆದು ಹೊರಗೇ ನಿಂತು ಹೋಗಿದ್ದ ಬಾಗಿಲು. ಎರಡನೆಯ ಸಲ ಅವನು ಬಂದಾಗ ಅವನ ಬೆರಳು ಹಿಡಿದುಕೊಂಡು ಒಂದು ಪುಟ್ಟ ಹುಡುಗಿಯೂ ನಿಂತಿದ್ದಳು. ಅದು ತಾಯಿಗೆ ನೆನಪಾದದ್ದು ಈಗ. ಕಿಟಕಿಯ ಸಂದಿನಿಂದ ತಾನೇ ನೋಡಿದ್ದಳು. ಹೋಗಿ ಚಿಲಕ ತೆಗೆಯುವ ಧೈರ್ಯ ಆ ದಿನ ತನಗೂ ಬಂದಿರಲಿಲ್ಲ...

ಚಿಕ್ಕವಳು ಪೆನ್ನನ್ನು ಅರ್ಜಿಯ ಮೇಲೆ ಅಡ್ಡಲಾಗಿ ಇಟ್ಟಳು. ಆಮೇಲೆ ಇಪ್ಪತ್ತೊಂದು ವರ್ಷದ ಆ ಹುಡುಗಿ ಹತ್ತು ವರ್ಷದ ಮಗುವಿನ ದನಿಯಲ್ಲಿ ಕೇಳಿದಳು.

"ದೊಡ್ಡಮ್ಮ... ನಾನು ಅಕ್ಕನ್ನ ಸೋಲಿಸಿಬಿಟ್ಟರೆ, ಆಮೇಲೂ ಈ ಮನೆಗೆ ವಾಪಸ್ ಬರಬಹುದಾ?"